ಬೀದಿಗೆಲ್ಲ ಬಿಪಿ ಬಂದ ಭಾನುವಾರ

ಸಾಗರದ ನಮ್ಮ ಬೀದಿಯಲ್ಲಿ ಜಾತಿ ಎಂಬುದಿಲ್ಲ. ಇದು ನನ್ನ ಮಾತಲ್ಲ, ಬೀದಿಯವರದೇ ಮಾತು. ಕೇಳದಿದ್ದರೂ ಹೇಳುತ್ತಾರೆ. ಮೂಲೆ ಮನೆಯ ನಿವೃತ್ತ ಮೇಷ್ಟ್ರಂತೂ ಸಂವಿಧಾನ ದಿನ ಬಂತೆಂದರೆ ಕರೆದಲ್ಲಿಗೆಲ್ಲ ಹೋಗಿ, ಸಮಾನತೆಯ ಮೇಲೆ ಮಾತಾಡಿ, ಶಾಲು ಹೊದೆಸಿಕೊಂಡು ಬರುತ್ತಾರೆ. ಹಾಗೆ ಬಂದ ಶಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಅವರ ಹೆಂಡತಿ ಮಿಕ್ಸಿಗೊಂದು, ಹೊಲಿಗೆ ಮಿಷನ್ನಿಗೊಂದು ಹೊದಿಸಿದ್ದಾರೆ.

ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸಿದವಳು ಸರ್ಕಾರಿ ಆಸ್ಪತ್ರೆಯ ನರ್ಸು. ಆಗ ಕ್ವಾರ್ಟರ್ಸಿನಲ್ಲಿದ್ದಳು. ಡ್ಯೂಟಿ ಮುಗಿಸಿ ಸಂಜೆ ಗೋಡೆಗೆ ನೀರು ಹಾಕಲು ಬರುವಳು. ಅವಳ ಬ್ಯಾಗಿನಲ್ಲಿ ಬಿಪಿ ನೋಡುವ ಮಿಷನ್ನು ಇರುತ್ತದೆಂದು ಬೀದಿಗೆ ಗೊತ್ತಾದ ಮೇಲೆ, ಅವಳು ಪೈಪು ಹಿಡಿಯುವ ಮೊದಲೇ ಯಾರಾದರೊಬ್ಬರು ತೋಳು ಮಡಚಿಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಅವಳೂ ಬೇಸರಿಸದೆ ನಮ್ಮ ಜಗಲಿಯಲ್ಲೇ ಕೂತು ಎಲ್ಲರದೂ ನೋಡುತ್ತಿದ್ದಳು.

ಅವಳು ದಲಿತರ ಮನೆಯವಳೆಂದು ಪಾಯ ತೆಗೆಯುವ ಮೊದಲೇ ಬೀದಿಗೆ ಗೊತ್ತಾಗಿತ್ತು. ಹೇಗೆ ಗೊತ್ತಾಯಿತೆಂದು ಹೇಳುವುದು ಕಷ್ಟ. ಜಾತಿ ಇಲ್ಲದ ಬೀದಿಯಾದ್ದರಿಂದ ಯಾರೂ ಕೇಳಿರಲಿಲ್ಲವಲ್ಲ. "ಪಾಪ, ಎಷ್ಟು ಕ್ಲೀನಾಗಿದಾಳೆ ನೋಡಿ" ಎಂದು ಎದುರು ಮನೆಯಾಕೆ ನನ್ನ ಬಳಿ ಹೇಳಿದ್ದುಂಟು. ನರ್ಸು ಕ್ಲೀನಾಗಿರದೆ ಮತ್ತೇನು ಎಂದು ನನಗೂ ಆಗ ಬಾಯಿಗೆ ಬರಲಿಲ್ಲ.

ಗೃಹಪ್ರವೇಶಕ್ಕೆ ದಿನ ಇಡುವಾಗ ಅವಳು ನಮ್ಮ ಮನೆಯ ಪಂಚಾಂಗ ಕೇಳಲು ಬಂದಳು.

"ಮುಹೂರ್ತಕ್ಕಲ್ಲ ಅಕ್ಕಾ. ಒಪ್ಪತ್ತು, ಉಪವಾಸ ಎಂತದೂ ಇಲ್ಲದ ದಿನ ಬೇಕು. ನಮ್ಮ ಮನೆ ಊಟ ಅಂದ್ರೆ ಎಲ್ರಿಗೂ ಭಕ್ತಿ ಬರುತ್ತೆ."

ಇಬ್ಬರೂ ಕೂತು ಹುಡುಕಿದೆವು. ಸೋಮವಾರ ಶಿವ, ಗುರುವಾರ ರಾಯರು, ಶನಿವಾರ ಹನುಮಂತ ಎಂದು ವಾರವೆಲ್ಲ ಯಾರೋ ಒಬ್ಬರು ಹಿಡಿದಿಟ್ಟಿದ್ದರು. ಏಕಾದಶಿ, ಸಂಕಷ್ಟಿ ಕಳೆದು ಕೊನೆಗೊಂದು ಭಾನುವಾರ ಸಿಕ್ಕಿತು. ಅಡುಗೆಗೆ ತೀರ್ಥಹಳ್ಳಿ ಕಡೆಯ ಭಟ್ಟರನ್ನೇ ಗೊತ್ತು ಮಾಡಿದಳು. ನಮ್ಮ ಬೀದಿಯ ಮದುವೆ, ಉಪನಯನಕ್ಕೆಲ್ಲ ಅವರದೇ ಅಡುಗೆ.

"ಅಷ್ಟೆಲ್ಲ ಯಾಕೆ ಮಾರಾಯ್ತಿ?" ಎಂದೆ.

"ಅವ್ವನಿಗಾಗಿ ಅಕ್ಕಾ. ಪಂಕ್ತಿಯಲ್ಲಿ ತಾನೂ ಒಂದು ಬಡಿಸ್ಬೇಕು ಅಂತಿದಾಳೆ. ತಾನೇ ಹಾಕಿದ ಮಿಡಿ ಉಪ್ಪಿನಕಾಯಿ. ಈ ಬೀದಿಯವರು ಅವಳ ಕೈಯಿಂದ ತಿಂದಿದ್ದನ್ನ ಒಂದ್ಸಲ ನೋಡ್ಬೇಕಂತೆ. ಬೇರೆ ಎಂತದೂ ಕೇಳಿಲ್ಲ ಅವಳು ನನ್ನ ಹತ್ರ."

ಅವಳ ಅವ್ವ ಹೊಸನಗರದ ಕಡೆ ಅಡಿಕೆ ಸುಲಿಯುವ ಮನೆಗಳಲ್ಲಿ ದುಡಿದವರು. ಅಲ್ಲಿ ಅವರ ಊಟ ಕೊಟ್ಟಿಗೆಯ ಹಿಂದೆ. ಬಡಿಸುವವರ ಸೌಟು ಎಲೆಗೆ ಸೋಕದಂತೆ ಅನ್ನ ಮೇಲಿನಿಂದ ಬೀಳುತ್ತಿತ್ತು.

ಭಟ್ಟರ ಅಡುಗೆಯೆಂದು ತಿಳಿದು ಬೀದಿ ನೆಮ್ಮದಿಯ ಉಸಿರು ಬಿಟ್ಟಿತು. ಅಲ್ಲಿಯವರೆಗೆ ಮೇಷ್ಟ್ರು ತಮಗೆ ಡಾಕ್ಟರು ಹದಿನಾರು ಗಂಟೆ ಹೊಟ್ಟೆ ಖಾಲಿ ಇಡಲು ಹೇಳಿದ್ದಾರೆಂದು ಎಲ್ಲರಿಗೂ ಸಾರುತ್ತಿದ್ದರು. ಆ ಪಥ್ಯ ಅಲ್ಲಿಗೇ ನಿಂತಿತು. ಭಾನುವಾರ ಎಲ್ಲರೂ ಬಂದರು. ಹೊಸ ಮನೆಯ ಟೈಲ್ಸ್ ಸವರಿ ನೋಡಿ, ಎಲೆ ಮುಂದೆ ಕೂತರು. ಕೋಸಂಬರಿ ಬಂತು, ಪಲ್ಯ ಬಂತು, ಅನ್ನ, ತೊವ್ವೆ, ತುಪ್ಪ ಬಂತು. ಮೇಷ್ಟ್ರು ತುತ್ತು ಬಾಯಿಗಿಡುತ್ತ, "ಕಾಲ ಎಷ್ಟು ಬದಲಾಯ್ತು ನೋಡಿ. ಎಲ್ರೂ ಒಂದೇ ಪಂಕ್ತಿಯಲ್ಲಿ" ಎಂದರು. ಅಡುಗೆಯವರು, ಬಡಿಸುವವರು ಎಲ್ಲರೂ ಭಟ್ಟರ ಕಡೆಯವರೇ ಎಂಬುದನ್ನು ಬಿಟ್ಟರೆ ಕಾಲ ಬದಲಾಗಿತ್ತು.

ಆಗ ಒಳಗಿನಿಂದ ಅವ್ವ ಬಂದರು. ಹೊಸ ಸೀರೆ, ಕೈಯಲ್ಲಿ ಸ್ಟೀಲಿನ ಪಾತ್ರೆ, ಅದರಲ್ಲಿ ಮಿಡಿ. ಪರಿಮಳ ಅವರಿಗಿಂತ ಮೊದಲು ಬಂತು. ಸಾಲಿನ ತುದಿಯಲ್ಲಿದ್ದ ಎದುರು ಮನೆಯಾಕೆ ಎರಡೂ ಕೈಯನ್ನು ಎಲೆಯ ಮೇಲೆ ಹರಡಿದಳು.

"ಬೇಡ ಅಮ್ಮಾ, ಬಿಪಿ."

ಅವ್ವ ಮುಂದೆ ಹೋದರು. ಅಲ್ಲೂ ಎಲೆ ಮುಚ್ಚಿತು. "ನಂಗೂ ಅಷ್ಟೇ, ಉಪ್ಪು ಮುಟ್ಬೇಡಿ ಅಂದಿದಾರೆ." ಅದರ ಮುಂದೆ ಮೇಷ್ಟ್ರು. ಅವರೂ ಕೈ ಹರಡಿ, "ವಯಸ್ಸಾಯ್ತಲ್ಲ ತಾಯೀ" ಎಂದರು. ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ ಸಾಲಿಗೆ ಸಾಲೇ ಎಲೆಯ ಮೇಲೆ ಬಗ್ಗಿತ್ತು. ತುಪ್ಪ, ಹಪ್ಪಳ, ಹುರಿದ ಗೋಡಂಬಿ ಬಂದಾಗ ಯಾರಿಗೂ ಇರದಿದ್ದ ಕಾಯಿಲೆ.

ಕೈ ಹರಡದೆ ಕೂತವರು ನಾನು, ಪಕ್ಕದಲ್ಲಿ ನನ್ನ ಗಂಡ. ಅವರಂತೂ ಎಲೆಯ ಮೂಲೆಯನ್ನು ಒರೆಸಿ, ಜಾಗ ಮಾಡಿಕೊಂಡು, ಕತ್ತು ಉದ್ದ ಮಾಡಿ ಕಾಯುತ್ತಿದ್ದರು. ಸಮಾನತೆಯ ಬಗ್ಗೆ ಅವರು ಒಂದು ದಿನವೂ ಮಾತಾಡಿದವರಲ್ಲ. ಅವರಿಗೆ ಮಿಡಿಯ ಆಸೆ, ಅಷ್ಟೇ.

ಅವ್ವ ಪಾತ್ರೆ ಹಿಡಿದು ನಿಂತೇ ಇದ್ದರು. ಮಗಳು ಬಾಗಿಲಲ್ಲಿ ಎಲ್ಲವನ್ನೂ ನೋಡುತ್ತಿದ್ದಳು. ಅಳುತ್ತಾಳೇನೋ ಎಂದುಕೊಂಡೆ. ಅವಳು ಸೆರಗು ಸಿಕ್ಕಿಸಿಕೊಂಡು, ವಾರ್ಡಿನಲ್ಲಿ ರೌಂಡ್ಸಿಗೆ ಹೊರಟವಳ ಹಾಗೆ ಸಾಲಿನುದ್ದಕ್ಕೂ ಬಂದಳು.

"ಆಂಟೀ, ಕೈ ತೆಗೀರಿ. ಮೊನ್ನೆ ನಾನೇ ನೋಡಿದೀನಿ, ನಿಮ್ಮದು ನಾರ್ಮಲ್. ಅವ್ವಾ, ಹಾಕು."

ಆಂಟಿ ಕೈ ತೆಗೆದಳು.

"ನಿಮ್ಮದು ಸ್ವಲ್ಪ ಲೋ ಅಂತ ಹೇಳಿರ್ಲಿಲ್ವಾ? ಉಪ್ಪು ಒಳ್ಳೇದು. ಎರಡು ಹಾಕವ್ವಾ. ಮೇಷ್ಟ್ರೇ, ನಿಮ್ಮ ಬಿಪಿ ಇಪ್ಪತ್ತರ ಹುಡುಗನ ಥರ ಇದೆ ಅಂತ ನೀವೇ ಬೀದಿಗೆಲ್ಲ ಹೇಳ್ಕೊಂಡು ಬಂದ್ರಿ."

ಮೇಷ್ಟ್ರು ನಕ್ಕರು. ಶಾಲು ಹೊದೆಸುವಾಗ ಫೋಟೋಕ್ಕೆ ನಗುವ ನಗು. ಮಿಡಿ ಬಿತ್ತು.

ಹೀಗೆ ನಮ್ಮವರ ತನಕ ಬಂದಳು. ಎಲೆಗೆ ತಾನೇ ಅಡ್ಡ ಕೈ ಹಿಡಿದಳು. "ನಿಮಗಿಲ್ಲ ಅಣ್ಣಾ. ಈ ಸಾಲಿನಲ್ಲಿ ನಿಜವಾಗಿ ಬಿಪಿ ಇರೋದು ನಿಮಗೊಬ್ಬರಿಗೇ."

ಅವರ ಮುಖ ನೋಡಲಾಗಲಿಲ್ಲ. ಅವ್ವನಿಗೂ ಕರುಣೆ ಬಂದಿರಬೇಕು. ಮಗಳು ಆಚೆ ತಿರುಗಿದ ಕೂಡಲೆ ಎಲ್ಲಕ್ಕಿಂತ ದಪ್ಪನೆಯ ಮಿಡಿಯೊಂದನ್ನು ಅನ್ನದ ಮರೆಗೆ ಜಾರಿಸಿ, "ಬೇಗ ತಿಂದ್ಬಿಡಿ ಅಯ್ಯಾ" ಎಂದರು.

"ಅಯ್ಯಾ ಅನ್ಬೇಡ ಅಂದಿದೀನಿ" ಎಂದಳು ಮಗಳು, ತಿರುಗದೆಯೇ.

ಊಟವಾಯಿತು. ಕೈ ತೊಳೆದು ಎಲ್ಲರೂ ವೀಳ್ಯಕ್ಕೆ ಹೊರಗೆ ಹೋದರು. ಅವ್ವ ಪಂಕ್ತಿಯತ್ತ ಹೊರಟದ್ದು ಕಂಡು ಮಗಳು ಅಡ್ಡ ಬಂದಳು. "ಎಲೆ ತೆಗೆಯೋದು ಭಟ್ಟರ ಹುಡುಗರು. ನೀನು ಮುಟ್ಟೋ ಹಾಗಿಲ್ಲ."

"ತೆಗೆಯೋಕಲ್ಲ ಮಗಾ. ನೋಡ್ತೀನಿ."

ಮಡಚಿದ ಎಲೆಗಳನ್ನು ಅವರು ಒಂದೊಂದಾಗಿ ಬಿಡಿಸುತ್ತ ಹೋದರು. ನಾನೂ ಹಿಂದೆ ಹೋದೆ. ನನ್ನ ಎಲೆಯಲ್ಲಿ ತೊಟ್ಟು, ಗೊರಟು ಎರಡೇ ಉಳಿದಿತ್ತು, ಅಷ್ಟು ರುಚಿ. ನಮ್ಮವರದರಲ್ಲಿ ಗೊರಟೂ ಬಿಳುಪಾಗಿತ್ತು. ಉಳಿದವುಗಳಲ್ಲಿ ಮಿಡಿ ಇದ್ದ ಹಾಗೇ ಇತ್ತು. ಕೆಲವರು ಎಲೆಯ ಅಂಚಿನಾಚೆ ತಳ್ಳಿದ್ದರು. ಮೇಷ್ಟ್ರು ಅನ್ನದಡಿ ಹೂತು, ಮೇಲೊಂದು ಹಪ್ಪಳದ ಚೂರು ನೆಟ್ಟಿದ್ದರು.

ಅವ್ವ ಅದನ್ನು ನೋಡಿ ನಕ್ಕರು. "ಮಣ್ಣು ಮಾಡಿದಾರೆ ಕಣೇ" ಎಂದಾಗ ನಗು ಇರಲಿಲ್ಲ. ಮಗಳು ಅವ್ವನ ಕೈಯಿಂದ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಸಂಜೆ ನಮ್ಮ ಜಗಲಿಯಲ್ಲಿ ಎಂದಿನಂತೆ ತೋಳುಗಳು ಸೇರಿದವು. ಉಪ್ಪಿನಲ್ಲಿ ಹಾಕಿದ್ದು ಬೇಯಿಸಿದ ಅನ್ನದ ಹಾಗೆ ಮುಸುರೆಯಲ್ಲವಾದ್ದರಿಂದ ಅದನ್ನು ತಿಂದಿದ್ದರೂ ದೋಷವಿರಲಿಲ್ಲ ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಹಾಗಿದ್ದರೆ ತಿನ್ನಬಹುದಿತ್ತಲ್ಲ ಎಂದು ನಮ್ಮವರು ಕೇಳಿದ್ದಕ್ಕೆ ಮೇಷ್ಟ್ರು ತೋಳನ್ನು ಇನ್ನೊಂದು ಮಡಿಕೆ ಮಡಚಿದರು. ಅವಳು ಗೇಟು ತೆಗೆದು ಬಂದವಳು ಬ್ಯಾಗಿಗೆ ಕೈ ಹಾಕಲೇ ಇಲ್ಲ.

"ಇನ್ಮೇಲೆ ಇಲ್ಲಿ ನೋಡಲ್ಲ. ಆಸ್ಪತ್ರೆಗೆ ಬನ್ನಿ. ಬೆಳಿಗ್ಗೆ ಚೀಟಿ ಮಾಡಿಸ್ಕೊಂಡು ಕ್ಯೂನಲ್ಲಿ ನಿಂತರಾಯ್ತು. ಅಲ್ಲಿ ಎಲ್ರಿಗೂ ಒಂದೇ ಸಾಲು."

ಅವಳು ಆಚೆ ಹೋಗಿದ್ದೇ ತಡ, "ಮನೆ ಆದ್ಮೇಲೆ ಎಷ್ಟು ಜಂಬ ಬಂತು" ಎಂದಳು ಎದುರು ಮನೆಯಾಕೆ. "ನಾವು ಹೋಗಿ ಊಟ ಮಾಡಿ ಬಂದ್ವಿ. ಅಷ್ಟಾದ್ರೂ ಮನಸ್ಸಲ್ಲಿ ಜಾತಿ ಇಟ್ಕೊಂಡಿರೋರು ಅವರೇ ನೋಡಿ" ಎಂದರು ಮೇಷ್ಟ್ರು.

ಕಾಂಪೌಂಡಿನಾಚೆ ಅವಳಿಗೆ ಇದು ಕೇಳಿಸಿತ್ತು. ರಾತ್ರಿಯಡುಗೆಗೆ ನಾನು ಕರಿಬೇವು ಕೀಳುತ್ತಿದ್ದಾಗ ಗೋಡೆಯ ಮೇಲಿಂದ ಒಂದು ಬಾಟಲಿ ಮಿಡಿ ದಾಟಿಸಿದಳು.

"ಅವ್ವ ಕೊಟ್ಟಿದ್ದು. ಅಣ್ಣನಿಗೆ ವಾರಕ್ಕೆ ಒಂದೇ."

"ಅವರಿಗೆಲ್ಲ ಬೇಜಾರಾಗಿದೆ ಕಣೇ. ನಿಜವಾಗಿ ಬಿಪಿ ಬಂದ್ರೆ ಎಂತ ಮಾಡೋದು ಅಂತಿದಾರೆ" ಎಂದೆ.

"ಎಲ್ಲಿಂದ ಬರುತ್ತೆ ಅಕ್ಕಾ?" ಎಂದಳು, ಮುಚ್ಚಳ ಸರಿಯಾಗಿ ಕೂತಿದೆಯೇ ನೋಡುತ್ತ. "ಅಷ್ಟು ಪಥ್ಯ ಮಾಡೋರಿಗೆ."