ಅಳತೆ ತೆಗೆಯದೆ ಹೊಲಿದ ಅಂಗಿ

ನನ್ನ ಮೂರು ತಿಂಗಳ ಮಗಳನ್ನು ನಮ್ಮಪ್ಪ ಎದೆಗವಚಿಕೊಂಡರೆ ಏನಾದರೂ ಆಗಿಬಿಟ್ಟರೆ? ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ ತಲೆಗೆ ಹೊಕ್ಕ ಹುಳ ಇದು, ಇನ್ನೂ ಕೊರೆಯುತ್ತಲೇ ಇದೆ. ಅಪ್ಪನ ಹೃದಯದ ರಕ್ತನಾಳದಲ್ಲಿ ಒಂದು ಸ್ಟೆಂಟ್ ಇದೆ. ಹಾಕಿದಾಗ ಅದು ವಿಕಿರಣ ಸೂಸುತ್ತಿತ್ತು. ಮಗುವಿನ ಡಾಕ್ಟರನ್ನು ಕೇಳಿದೆ, ನಕ್ಕುಬಿಟ್ಟರು. “ಅಷ್ಟು ಹಳೇದಾ? ಅದರ ವಿಕಿರಣ ಕೆಲವೇ ತಿಂಗಳಲ್ಲಿ ಆರಿಹೋಗಿರತ್ತಮ್ಮಾ. ನೀವಾಗ ಸ್ಕೂಲಲ್ಲಿದ್ರೇನೋ!”

ಓದಿದವಳು, ಅರ್ಥವಾಯಿತು. ಸಮಾಧಾನ ಮಾತ್ರ ಆಗಲಿಲ್ಲ.

ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊರಳಲ್ಲಿ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಹಾಗಾಗಿ ಅರ್ಧ ಮಾತೆಲ್ಲ ‘ಹೂಂ’, ‘ಊಹೂಂ’ನಲ್ಲೇ ಮುಗಿಯುತ್ತಿತ್ತು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿದವರೇ ಅಲ್ಲ. ಯಾರಾದರೂ ಹಳೆಯ ಗಿರಾಕಿ “ಹೋದ ವರ್ಷದ ಅಳತೆಗೇ ಹೊಲೀರಿ” ಅಂದರೆ ಸೂಜಿ ತೆಗೆದು ಹೇಳುವರು: “ಅಳತೆ ಹೋದ ವರ್ಷದ್ದು, ಹೊಟ್ಟೆ ಈ ವರ್ಷದ್ದು. ಕೈ ಎತ್ತಿ ಸ್ವಾಮಿ!”

ನಾನು ಚಿಕ್ಕವಳಿದ್ದಾಗ, ಮಧ್ಯಾಹ್ನ ಉಂಡು ಅವರು ಚಾಪೆಯ ಮೇಲೆ ಅಡ್ಡಾದರೆ ಅವರ ಎದೆಯೇ ನನ್ನ ಹಾಸಿಗೆ. ಇಸ್ತ್ರಿಯ ಬಿಸಿ, ಹೊಸ ಬಟ್ಟೆಯ ಗಂಜಿ ವಾಸನೆ, ಕಿವಿಯಡಿ ಒಂದೇ ಸಮ ಸದ್ದು. “ಅಪ್ಪಾ, ನಿನ್ನೊಳಗೂ ಮಿಷನ್ ಓಡ್ತಿದೆ” ಅನ್ನುತ್ತಲೇ ನಿದ್ದೆ ಹೋಗುತ್ತಿದ್ದೆ. ಅಂಥ ನಿದ್ದೆ ಆಮೇಲೆ ಯಾವ ಹಾಸಿಗೆಯಲ್ಲೂ ಬಂದಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿದರು. ವರ್ಷ ತುಂಬುವುದರೊಳಗೆ ಅದರೊಳಗೂ ಮಾಂಸ ಬೆಳೆದು ನಾಳ ಮತ್ತೆ ಕಿರಿದಾಯಿತು.

“ತೊಳೆದ ಮೇಲೆ ಕುಗ್ಗೋ ಬಟ್ಟೆ ಅನ್ನಿ ನಂದು,” ಅಂದರು ಅಪ್ಪ.

ಆಗಿನ್ನೂ ಪರೀಕ್ಷೆಯ ಹಂತದಲ್ಲಿದ್ದ ಹೊಸ ಬಗೆಯ ಸ್ಟೆಂಟ್ ಬಗ್ಗೆ ಡಾಕ್ಟರು ವಿವರಿಸಿದರು. ಸಣ್ಣಗೆ ವಿಕಿರಣ ಸೂಸಿ ಮಾಂಸ ಬೆಳೆಯದಂತೆ ತಡೆಯುತ್ತದೆ, ಆ ವಿಕಿರಣ ಕೆಲವು ಮಿಲಿಮೀಟರ್ ದಾಟುವುದಿಲ್ಲ, ಮನೆಯವರಿಗೆ ಏನೂ ಭಯವಿಲ್ಲ ಎಂದರು. ಅಪ್ಪ ಒಪ್ಪಿ ಹಾಕಿಸಿಕೊಂಡರು. ಅಮ್ಮ ಒಪ್ಪಲಿಲ್ಲ.

“ಕಣ್ಣಿಗೆ ಕಾಣದ್ದನ್ನ ಹೇಗೇರೀ ನಂಬೋದು? ಪುಟ್ಟೀ, ಇನ್ನು ಅಪ್ಪನ ಎದೆ ಮೇಲೆ ಬೀಳ್ಬೇಡ.”

ಪಕ್ಕದ ಕ್ಷೌರದಂಗಡಿಯವರಿಗೆ ಇದೊಂದು ತಮಾಷೆ. “ನಿಮಗೇನಪ್ಪಾ, ಕರೆಂಟ್ ಹೋದ್ರೆ ಅಂಗಿ ಬಿಚ್ಚಿ ಕೂತ್ರಾಯ್ತು, ಎದೆ ಬೆಳಕಲ್ಲೇ ಹೊಲೀಬಹುದು!” ಅಪ್ಪನೂ ನಕ್ಕರು. ಆದರೆ ಅಂದಿನಿಂದ ಮಧ್ಯಾಹ್ನ ಗೋಡೆಯ ಕಡೆ ತಿರುಗಿ ಮಲಗತೊಡಗಿದರು. ಅಮ್ಮನ ಆ ಕಟ್ಟಳೆಯನ್ನು ಇನ್ನು ಸಾಕು ಎಂದು ಯಾರೂ ತೆಗೆಯಲಿಲ್ಲ. ನೆನಪಾಗುವ ಹೊತ್ತಿಗೆ ನಾನು ಎದೆಯ ಮೇಲೆ ಹಿಡಿಸದಷ್ಟು ಉದ್ದವಾಗಿದ್ದೆ. ಅಂಥ ಸ್ಟೆಂಟುಗಳ ಎರಡು ತುದಿಯಲ್ಲೂ ನಾಳ ಕಿರಿದಾಗುತ್ತದೆಂದು ಮುಂದೆ ಅವನ್ನು ಕೈಬಿಟ್ಟರಂತೆ. ಅಪ್ಪನದು ಮಾತ್ರ ಗಟ್ಟಿ ಹೊಲಿಗೆ, ಬಾಳಿಕೆ ಬಂತು.

ಈಗ ಮೊಮ್ಮಗಳನ್ನು ನೋಡಲು ಅವರು ಬಂದಾಗಲೆಲ್ಲ ನನ್ನ ಬಾಯಲ್ಲಿ ಏನೋ ಒಂದು ನೆಪ. “ಈಗಷ್ಟೇ ಹಾಲು ಕುಡಿದಿದಾಳೆ ಅಪ್ಪಾ.” “ಮೂಗು ಕಟ್ಟಿದೆ, ಆಮೇಲೆ ಎತ್ಕೋ.” ಅವರು ಹೂಂ ಅಂದು, ತೊಟ್ಟಿಲಿನಿಂದ ಒಂದು ಮಾರು ದೂರ ಕುರ್ಚಿ ಹಾಕಿಕೊಂಡು, ಕೈ ಕಟ್ಟಿ ಕೂರುತ್ತಾರೆ.

ಇವತ್ತು ಬೆಳಿಗ್ಗೆ ಅಮ್ಮ ಒಂದು ಪೊಟ್ಟಣ ತಂದಳು. ಹಳದಿ ಹತ್ತಿ ಬಟ್ಟೆಯ ಪುಟ್ಟ ಅಂಗಿ. ಕಾಜಗಳು ಅಕ್ಕಿಕಾಳಿನಷ್ಟು. ತೊಡಿಸಹೋದರೆ ಎದೆಯ ಹತ್ತಿರ ಗುಂಡಿ ಕಾಜಕ್ಕೆ ಸೇರಲೇ ಇಲ್ಲ. ಮಗಳು ಕೆಂಪಾಗಿ ಅರಚಿದಳು.

“ದರ್ಜಿ ಮೊಮ್ಮಗಳಿಗೇ ಅಂಗಿ ಬಿಗಿ!” ಅಮ್ಮ ಹಣೆ ಚಚ್ಚಿಕೊಂಡಳು. “ಟೇಪ್ ಹಿಡಿದು ನೋಡ್ಕೊಂಡು ಬನ್ರೀ ಅಂತ ಬಡ್ಕೊಂಡೆ. ‘ಕಣ್ಣಳತೆ ಸಾಕು ಬಿಡೇ, ಹತ್ರ ಹೋದ್ರೆ ಅವಳಿಗೆ ಗಾಬರಿ’ ಅಂದ್ರು ನಿಮ್ಮಪ್ಪ.”

ಅವಳಿಗೆ ಅಂದರೆ ಮಗುವಿಗಲ್ಲ, ನನಗೆ.

ಅಂಗಿಯನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಫೋನ್ ಮಾಡಿದೆ. ಆ ಕಡೆ ಮಿಷನ್ ಸದ್ದು ನಿಂತಿತು.

“ಏನಮ್ಮಾ? ಮಗು ಹುಷಾರಾಗಿದೆ ತಾನೆ?”

“ಅಂಗಿ ಬಿಗಿ ಅಪ್ಪಾ. ಅಳತೆ ತಗೊಳ್ದೇ ಕತ್ತರಿ ಹಾಕಿದ್ಯಲ್ಲ.”

“ಹೂಂ.” ಮತ್ತೆ ಬಾಯಿಗೆ ಗುಂಡುಸೂಜಿ ಸೇರಿತೋ ಏನೋ.

“ಟೇಪ್ ತಗೊಂಡು ಬಾ. ಊಟ ಇಲ್ಲೇ ಮಾಡು. ಮಧ್ಯಾಹ್ನ ಅವಳಿಗೆ ನಿದ್ದೆ ಹೊತ್ತು, ನಿನ್ನ ಎದೆ ಮೇಲೇ ಮಲಗ್ಲಿ.”

“ನಿಂಗೆ ಹೆದರಿಕೆ ಆಗಲ್ವಾ ಪುಟ್ಟೀ?”

“ಆಗತ್ತೆ. ನೀನು ಬಾ.”