ನ್ಯಾಯದ ಬಾಯಿ

ಧೋಂಡಿಬಾನ ಬಾಯಿಂದ ಮಾತು ತುಂಡುತುಂಡಾಗಿ ಬೀಳುತ್ತಿತ್ತು, ಕತ್ತರಿಸಿದ ಸರಳಿನಂತೆ. ಬೆಳಗಾವಿಯ ಆಟೋ ನಗರದ ನನ್ನ ಗ್ಯಾರೇಜಿನಲ್ಲಿ ಅವನು ಹತ್ತೊಂಬತ್ತು ವರ್ಷ ವೆಲ್ಡರ್. ಎಂಟಕ್ಕೆ ಕೆಲಸ ಎಂಬುದು ನನ್ನ ನಿಯಮ. ಅವನು ಹತ್ತು ನಿಮಿಷ ಮೊದಲೇ ನಿಂತಿರುತ್ತಿದ್ದ. ಸಿಟ್ಟು ಮಾತ್ರ ವಿಪರೀತ. ತನ್ನ ತಾಯಿಯನ್ನು ಬೈದ ಚಾಲಕನೊಬ್ಬನ ಟ್ರಕ್ಕಿನ ಗಾಜನ್ನು ಸುತ್ತಿಗೆಯಿಂದ ಒಡೆದು, "ಮುಂದಿನ ಪೆಟ್ಟ ನಿನ್ನ ಹಲ್ಲಿಗೆ. ಇಳಿ" ಎಂದಿದ್ದ.

ಅವನದು ಖಾನಾಪುರದ ಆಚೆ, ಕಣಕುಂಬಿ ಕಾಡಂಚಿನ ಎಮ್ಮೆ ಸಾಕುವವರ ಹಟ್ಟಿ. ಮೂವತ್ತು ಮನೆ, ಆ ಮನೆಗಳಿಗಷ್ಟೇ ತಿಳಿಯುವ ಮಾತು. ಅಲ್ಲಿ ಉಚ್ಚಾರ ಅವರವರ ಸ್ಥಾನಕ್ಕೆ ತಕ್ಕಂತೆ. ಎಮ್ಮೆ ಕಾಯುವವರದು ಗಂಟಲಿನಿಂದ, ಸೊಸೆಯಂದಿರದು ತುಟಿಯಂಚಿನಿಂದ. ನ್ಯಾಯ ಹೇಳುವ ಹಿರಿಯ ಮಾತ್ರ ಪ್ರತಿ ಪದದ ಕೊನೆಯನ್ನು ಎದೆಯಿಂದ ಎಳೆಯಬೇಕು. ಆ ಎಳೆತ ಕೇಳಿದೊಡನೆ ಎಲ್ಲರೂ ಕೈಯಲ್ಲಿದ್ದುದನ್ನು ನೆಲಕ್ಕಿಡಬೇಕು. ಎಳೆಯದೆ ಕೂಗಿದರೆ ಆ ಹಿರಿಯನೇ ಜಗಳದಲ್ಲಿ ಒಂದು ಪಕ್ಷ ಸೇರಿದಂತೆ.

ಅಣ್ಣ ಸತ್ತ ಮೇಲೆ ಆ ಹಿರಿತನ ಧೋಂಡಿಬಾನಿಗೆ ಬಂತು. "ಒಮ್ಮೆ ಎಳದು ತೋರ್ಸೋ" ಎಂದು ನಾನು ಕೇಳಿದರೆ ಅವನ ಮುಖ ಕೆಂಪಾಗುತ್ತಿತ್ತು. "ನೀವು ನಗ್ತೀರಿ, ಸಾಹೇಬ್ರ. ವೆಲ್ಡಿಂಗ್ ಮಾಡಾವ್ಗ ಅದೆಲ್ಲಾ ಶೋಭಿಸೂದಿಲ್ಲ."

ಕಳೆದ ಬೇಸಿಗೆಯ ಒಂದು ಭಾನುವಾರ ಅವನ ಹಟ್ಟಿಗೆ ಊಟಕ್ಕೆ ಹೋಗಿದ್ದೆ. ನೀರಿನ ಗುಂಡಿಯ ಬಳಿ ಅವನ ಅಣ್ಣನ ಮಕ್ಕಳಾದ ವಿಠೂ, ಬಾಬೂ ಕೊಡಲಿ ಹಿಡಿದು ನಿಂತಿದ್ದರು. ಯಾರ ಎಮ್ಮೆ ಮೊದಲು ಇಳಿಯಬೇಕೆಂಬುದಷ್ಟೇ ಜಗಳ. ಸುತ್ತ ನೆರೆದವರೂ ಕೋಲು, ಕಲ್ಲು ಎತ್ತಿಕೊಂಡಿದ್ದರು. ವಿಠೂನ ಕಿವಿ ಆಗಲೇ ಹರಿದು ರಕ್ತ ಸುರಿಯುತ್ತಿತ್ತು.

ಧೋಂಡಿಬಾ ಓಡಿದ. ನಾನಿದ್ದೆನೆಂಬ ನಾಚಿಕೆಯೋ, ರೂಢಿಯೋ, ಗ್ಯಾರೇಜಿನ ತುಂಡು ಬಾಯಲ್ಲೇ "ಬಾಬೂ, ಬಿಡ!" ಎಂದು ಒದರಿದ.

"ಕಾಕಾನೂ ಅವನ ಕಡೇನ ಆದಾ!" ಎಂದ ಬಾಬೂ ಕೊಡಲಿ ಬೀಸಿದ. ವಿಠೂನ ಭುಜ ಸೀಳಿ ಬಿಳಿ ಎಲುಬು ಕಂಡಿತು. ಬಾಬೂ ಮತ್ತೆ ಕೊಡಲಿ ಎತ್ತಿದ.

ಆಗ ಬಂತು ಧೋಂಡಿಬಾನ ಆ ಧ್ವನಿ. ಎದೆಯೇ ಹರಿದಂತೆ ಪ್ರತಿ ಪದವೂ ಉದ್ದಕ್ಕೆ ಎಳೆದುಕೊಂಡು ಹೋಯಿತು. ಕೊಡಲಿ, ಕೋಲು, ಕಲ್ಲು ಎಲ್ಲ ನೆಲಕ್ಕೆ ಬಿದ್ದವು. ನಾನೂ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟಿದ್ದೆ.

ಖಾನಾಪುರ ಮುಟ್ಟುವ ಮೊದಲೇ ನನ್ನ ಜೀಪಿನಲ್ಲಿ ವಿಠೂ ಸತ್ತ. ಬಾಬೂನನ್ನು ಪೊಲೀಸರು ಒಯ್ದರು.

ವಾರದ ನಂತರ ಧೋಂಡಿಬಾ ಕೆಲಸ ಬಿಡಲು ಬಂದ.

"ಇಲ್ಲೇ ಇದ್ರ ಬಾಯಿ ಮತ್ತ ತುಂಡ ಆಗ್ತೈತ್ರಿ. ಬಾಬೂ ಬಿಡುಗಡಿ ಆಗಿ ಬಂದ ದಿನ ವಿಠೂನ ಹೆಂಡ್ತಿ ಕುಡಗೋಲ ಹಿಡೀತಾಳ. ಅವತ್ತ ಮೊದಲ್ನೇ ಮಾತಿಗೇ ಎಳೀಬೇಕ ನಾ."

ಆಮೇಲೆ ಅವನನ್ನು ನಾನು ನೋಡಿಲ್ಲ. ಬಾಬೂ ಇನ್ನೂ ಒಳಗಿದ್ದಾನೆಯೇ ಎಂದು ಮಾತ್ರ ಪ್ರತಿ ಸೋಮವಾರ ಖಾನಾಪುರದ ಠಾಣೆಗೆ ಫೋನ್ ಮಾಡಿ ವಿಚಾರಿಸುತ್ತೇನೆ.