ಕೊಂಬು ಹಿಡಿದ ಸಾಫ್ತಾ

ಬೆಟ್ಟದಿಂದಿಳಿದ ಮಂಜು ಇನ್ನೂ ಅಂಗಳ ಬಿಟ್ಟಿಲ್ಲ. ಕುಂಬಾರರ ಮನೆಯ ಹಿರಿಯಾಕೆ ಸಾಫ್ತಾ ಹಲಗೆಯ ಮೇಲಿನ ಹಸಿ ಮಣ್ಣಿನ ತಟ್ಟೆಯೊಂದನ್ನು ಎತ್ತಿ, ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ತೀರಾ ತಣ್ಣಗಿದ್ದರೆ ಒಳಗಿನ್ನೂ ನೀರಿದೆ ಎಂದರ್ಥ. ಬಗ್ಗದಷ್ಟು ಗಟ್ಟಿ, ಉಗುರು ಇಳಿಯುವಷ್ಟು ಮೆತ್ತಗೆ. ಆ ಹದಕ್ಕೆ ಅವರು ಕಾಯುತ್ತಾರೆ. ಪಕ್ಕದ ಮನೆಯವಳಾದ ನಾನೂ ಬೇಲಿಗೊರಗಿ ನಿಂತು, ಹೊತ್ತು ಹೋದದ್ದೇ ತಿಳಿಯದೆ ನೋಡುತ್ತೇನೆ.

ಹೊರೆಜು ಊರಿನ ನಮ್ಮ ಕುಂಬಾರರ ಬೀದಿಯಲ್ಲಿ ತಿಗರಿಯ ಮೇಲೆ ತಟ್ಟೆ ಎತ್ತುವುದು ಗಂಡಸರು, ಚಿತ್ರ ಬರೆಯುವುದು ಹೆಂಗಸರು. ಸಾಫ್ತಾ ಬರೆಯಲು ಕೂತು ನಲವತ್ತೊಂದು ವರ್ಷ. ಬಿಳಿ ಮಣ್ಣಿನ ತಿಳಿಯನ್ನು ತಟ್ಟೆಗೆ ಸುರಿದು, ಅದು ಆರುವ ಮೊದಲೇ ಬಣ್ಣದ ಮಣ್ಣು ತುಂಬಿದ ಹಸುವಿನ ಟೊಳ್ಳು ಕೊಂಬನ್ನು ಅದರ ಮೇಲೆ ಬಾಗಿಸುತ್ತಾರೆ. ಕೊಂಬಿನ ತುದಿಗೆ ಸಿಕ್ಕಿಸಿದ ಬಾತುಕೋಳಿಯ ಗರಿಯ ಕೊಳವೆಯಿಂದ ಕೆಂಪು ಮಣ್ಣು ತೊಟ್ಟಿಕ್ಕುತ್ತದೆ; ತಿಗರಿ ಮೆಲ್ಲಗೆ ತಿರುಗಿ ತೊಟ್ಟನ್ನೇ ಗೆರೆ ಮಾಡುತ್ತದೆ. ನಡುವೆ ಹುಂಜವೊಂದು ನಿದ್ದೆಯಿಂದೆದ್ದಂತೆ ಮೂಡುತ್ತದೆ.

ಮೊದಲು ದಿನಕ್ಕೆ ಅರವತ್ತು ತಟ್ಟೆ. ಈಗ ಇಪ್ಪತ್ತಾದರೆ ಹೆಚ್ಚು. ಕಳೆದ ಚಳಿಗಾಲದಿಂದ ಬಲಗೈ ನಡುಗುತ್ತಿದೆ, ಗೆರೆ ಅಲುಗುತ್ತಿದೆ. ಮನೆಯಲ್ಲಿ ಮಗಳಿಲ್ಲ, ಸೊಸೆಯೂ ಬರಲಿಲ್ಲ.

"ಈ ಹುಂಜ ನಮ್ಮತ್ತೆ ಕಲಿಸಿದ್ದು. ನನ್ನ ಜೊತೇಲೇ ಇದೂ ಮಣ್ಣಿಗೆ ಹೋಗುತ್ತೋ ಏನೋ ಅಂತ ದಿಗಿಲು ಕಣೇ," ಎಂದು ಅವರು ಒಮ್ಮೆ ಹೇಳಿದ್ದರು.

ಆಗ ಚಿತ್ರ ಬರೆಯುವ ಮಣೆಗೆ ಬಂದು ಕೂತವನು ಮಗ ತೀತು. ನಲವತ್ತರ ಗಂಡಸು, ತಟ್ಟೆ ಎತ್ತುವುದರಲ್ಲಿ ಎತ್ತಿದ ಕೈ. ಮೊದಲ ದಿನ ಅದೇ ರೂಢಿಯಲ್ಲಿ ಕಾಲಲ್ಲಿ ತಿರುಗಿಸುವ ತಿಗರಿಯನ್ನು ಜೋರಾಗಿ ಒದ್ದುಬಿಟ್ಟ. ಬಣ್ಣವೆಲ್ಲ ಗೋಡೆಗೆ, ಅಮ್ಮನ ತಲೆವಸ್ತ್ರಕ್ಕೆ, ಅವನ ಮೀಸೆಗೆ! ಸಂಜೆ ಹೆಂಡದಂಗಡಿಯಲ್ಲಿ ಗೆಳೆಯರು, ನಿನಗೆ ಯಾವ ಬಣ್ಣದ ಲಂಗ ತರೋಣ ಎಂದು ಕಾಡಿದರಂತೆ. ತೀತು ಪ್ಲಮ್ ಹಣ್ಣಿನ ಸಾರಾಯಿ ಮುಗಿಸಿ ಎದ್ದು ಬಂದ. ಬೆಳಿಗ್ಗೆ ಮತ್ತೆ ಅದೇ ಮಣೆ.

ಈಗಲೂ ಅವನೇ ಕೂತಿದ್ದಾನೆ. ತಿಗರಿ ಎಷ್ಟು ನಿಧಾನ ಸುತ್ತುತ್ತಿದೆಯೆಂದರೆ ನನಗೇ ಜೋಂಪು ಹತ್ತುವಂತಿದೆ. ಹುಂಜ ಮುಗಿಯುತ್ತದೆ. ಸಾಫ್ತಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹೂಂ ಎಂದಷ್ಟೇ ಹೇಳಿ, ತಮ್ಮ ತಟ್ಟೆಗಳ ಸಾಲಿನಲ್ಲೇ ಇಡುತ್ತಾರೆ. ತೀತು ತಟ್ಟೆ ಸುಡುವ ಆವಿಗೆಗೆ ಸೌದೆ ತರಲು ಹೋದ ಮೇಲೆ ಬೇಲಿಯ ಬಳಿ ಬರುತ್ತಾರೆ.

"ಬಾಲ ನೋಡಿದ್ಯಾ? ನನ್ನ ಹುಂಜಕ್ಕೆ ಯಾವತ್ತೂ ಇಷ್ಟು ಚೆಂದ ಬಂದಿಲ್ಲ. ಅವನಿಗೆ ಮಾತ್ರ ಹೇಳ್ಬೇಡ, ಹೇಳಿದ್ರೆ ನಾಳೆ ಕೈ ನಡುಗುತ್ತೆ. ಒಂದು ಮನೇಲಿ ಒಂದು ನಡುಗೋ ಕೈ ಸಾಕು."